ನೇಪಿಯರ್ ಹುಲ್ಲು ಬೆಳೆದು ಗ್ಯಾಸ್ ಘಟಕಕ್ಕೆ ಕೊಡುವುದು: ಯಾರಾದರೂ ಮಾಡಿದ್ದೀರಾ?

ಬಯಲುಸೀಮೆಯವ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಮ್ಮದು ತುರುವೇಕೆರೆ ಕಡೆ. ಒಟ್ಟು ಮೂರೂವರೆ ಎಕರೆ. ಒಂದು ಎಕರೆ ತೆಂಗು, ಮಿಕ್ಕಿದ್ದರಲ್ಲಿ ರಾಗಿ, ಅವರೆ. ಬೋರಿನಲ್ಲಿ ಎರಡು ಇಂಚು ನೀರು, ಮಾರ್ಚ್ ಬಂತೆಂದರೆ ಒಂದೂವರೆಗೆ ಇಳಿಯುತ್ತದೆ. ಮನೆಯಲ್ಲಿ ಎರಡು ಸೀಮೆ ಹಸು, ಒಂದು ಕರು.

ಹೋದ ವಾರ ಒಬ್ಬರು ಮನೆಗೆ ಬಂದಿದ್ದರು. ತಾಲ್ಲೂಕಿನಲ್ಲಿ ಬಯೋಗ್ಯಾಸ್ ಘಟಕ ಬರುತ್ತಂತೆ, ಅದಕ್ಕೆ ಸೂಪರ್ ನೇಪಿಯರ್ ಅನ್ನುವ ಎತ್ತರದ ಮೇವಿನ ಹುಲ್ಲು ಬೇಕಂತೆ. ಟನ್ನಿಗೆ 1000 ರೂಪಾಯಿ, ಎಕರೆಗೆ ವರ್ಷಕ್ಕೆ 150ರಿಂದ 200 ಟನ್, ಒಂದು ಸಲ ನೆಟ್ಟರೆ ಆರೇಳು ವರ್ಷ ಉಳುಮೆ ಇಲ್ಲ ಬಿತ್ತನೆ ಇಲ್ಲ ಅಂದರು. ಸೇರುವುದಕ್ಕೆ ಎಕರೆಗೆ 3 ಸಾವಿರ ಕಟ್ಟಬೇಕು. ನಾಟಿ ಕಡ್ಡಿ ಅವರೇ ಕೊಡುತ್ತಾರೆ, ಒಂದಕ್ಕೆ 2 ರೂಪಾಯಿ.

ಅಪ್ಪನಿಗೆ ಮನಸ್ಸಾಗಿದೆ. ಹೋದ ವರ್ಷ ರಾಗಿ ಕೊಯ್ಲಿಗೆ ಆಳು ಸಿಗದೆ ತೆನೆ ಮಳೆಗೆ ನೆನೆದು ಹೋಯಿತು, ಆವತ್ತಿನಿಂದ ಅವರಿಗೆ ರಾಗಿ ಅಂದರೆ ಬೇಸರ. ನನಗೂ ನಮ್ಮ ಹೊಲದ ಹುಲ್ಲಿನಿಂದ ಗಾಡಿ ಓಡುತ್ತೆ ಅಂದರೆ ಖುಷಿಯೇ. ಆದರೆ ಯಾಕೋ ಲೆಕ್ಕ ಕೂರುತ್ತಿಲ್ಲ. ಮಾಡಿ ನೋಡಿದವರು ಇದ್ದರೆ ಒಳ್ಳೆಯದೋ ಕೆಟ್ಟದ್ದೋ ಬಿಚ್ಚಿ ಹೇಳಿ.

ತೋಟದ ಬದು · ಭಾನುವಾರ ರಾತ್ರಿ

ತಮ್ಮ, ದುಡ್ಡು ಕಟ್ಟಬೇಡ. ಮೊದಲು ಇದನ್ನು ಓದು.

ನಾನು ಮದ್ದೂರು ಕಡೆಯವನು. ಇದೇ ಥರ ಒಬ್ಬರು ಬಂದರು, ನಾನೂ ಎರಡು ಎಕರೆಗೆ ಹಾಕಿದೆ. ಸೇರುವ ದುಡ್ಡು, ಕಡ್ಡಿ ದುಡ್ಡು, ನಾಟಿ ಕೂಲಿ, ಎಲ್ಲಾ ಸೇರಿ ಅರವತ್ತು ಸಾವಿರ ದಾಟಿತು. ಹುಲ್ಲು ಬಂದ ರೀತಿ ನೋಡಬೇಕಿತ್ತು. ಮೂರು ತಿಂಗಳಿಗೆ ನನ್ನ ತಲೆಯ ಮೇಲೆ ಇನ್ನೊಂದು ಆಳು ನಿಂತಷ್ಟು ಎತ್ತರ. ಫೋನ್ ಮಾಡಿದೆ. ಮುಂದಿನ ತಿಂಗಳು ಕೊಯ್ಯಲು ಗ್ಯಾಂಗ್ ಕಳಿಸುತ್ತೇವೆ ಅಂದರು. ಮುಂದಿನ ತಿಂಗಳೂ ಅದೇ ಮಾತು. ಘಟಕ ಕಟ್ಟುವ ಜಾಗಕ್ಕೆ ನಾನೇ ಬೈಕಿನಲ್ಲಿ ಹೋಗಿ ನೋಡಿದರೆ ಒಂದು ಬೋರ್ಡು, ಸುತ್ತ ತಂತಿ ಬೇಲಿ, ಒಳಗೆ ನಾಲ್ಕು ಎಮ್ಮೆ ಮೇಯುತ್ತಿದ್ದವು.

ಅಷ್ಟರಲ್ಲಿ ಹುಲ್ಲು ಬಲಿತು ಕೋಲಾಗಿತ್ತು. ಸುಮ್ನೆ ಕೊಡುತ್ತೇನೆ ಅಂದರೂ ದನ ಸಾಕಿದವರು ಬೇಡ ಅಂದರು. ಕೊನೆಗೆ ಕಿತ್ತು ಹಾಕೋಣ ಅಂದರೆ ರೋಟವೇಟರ್ ಅದರ ಬುಡದ ಮೇಲೆ ಕುಣಿಯುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ. ಜೆಸಿಬಿ ತರಿಸಿದೆ. ಒಂದೊಂದು ಬುಡ ಮಂಕರಿಯಷ್ಟು ಅಗಲ. ಅಲ್ಲಲ್ಲಿ ಉಳಿದ ಗಿಣ್ಣುಗಳಿಂದ ಇವತ್ತಿಗೂ ಭತ್ತದ ನಡುವೆ ಚಿಗುರು ಬರುತ್ತದೆ.

ಹೈನುಮನೆ · ಸೋಮವಾರ ಬೆಳಗ್ಗೆ

ಅಣ್ಣ, ನಿಮ್ಮ ಕಥೆ ಓದಿ ಹೊಟ್ಟೆ ಉರಿಯಿತು. ಆದರೆ ಇದರಲ್ಲಿ ಹುಲ್ಲಿನದೇನೂ ತಪ್ಪಿಲ್ಲ, ಅದನ್ನು ಹೇಳಲೇಬೇಕು.

ಚನ್ನರಾಯಪಟ್ಟಣ ಹತ್ತಿರ ನಮ್ಮದು ಆರು ಹಸುವಿನ ಹಟ್ಟಿ. ಅರ್ಧ ಎಕರೆ ನೇಪಿಯರ್ ಹಾಕಿ ಐದು ವರ್ಷ ಆಯಿತು. ಈ ಹುಲ್ಲು ಇಲ್ಲದಿದ್ದರೆ ಡೇರಿಗೆ ಹಾಲು ಹಾಕುವುದನ್ನು ಯಾವತ್ತೋ ಬಿಡುತ್ತಿದ್ದೆವು. ಮೊದಲ ಕೊಯ್ಲು ಎಪ್ಪತ್ತೈದು ದಿನಕ್ಕೆ, ಆಮೇಲೆ ನಲವತ್ತೈದು ದಿನಕ್ಕೊಮ್ಮೆ. ನೆಲಕ್ಕೆ ಹತ್ತಿಸಿ ಕೊಯ್ಯಬೇಕು, ಬುಡ ಎತ್ತರ ಬಿಟ್ಟರೆ ಚಿಗುರು ಸೊರಗುತ್ತದೆ. ತಡ ಮಾಡಿದರೆ ಹಸು ಎಲೆ ತಿಂದು ದಂಟು ಬಿಡುತ್ತದೆ. ಕಟರ್‌ನಲ್ಲಿ ಒಂದಿಂಚು ಮಾಡಿ ಹಾಕಿದರೆ ಪೂರ್ತಿ ಖಾಲಿ. ಬರೀ ಇದನ್ನೇ ಹಾಕಬಾರದು, ಎಳೆ ಹುಲ್ಲಿನಲ್ಲಿ ದನಕ್ಕೆ ಒಗ್ಗದ ಆಕ್ಸಲೇಟ್ ಅನ್ನುವ ಅಂಶ ಜಾಸ್ತಿ ಅಂತ ಪಶು ಡಾಕ್ಟರು ಹೇಳಿದ್ದರು. ನಾವು ಅಲಸಂದೆ, ಕುದುರೆ ಮೆಂತೆ, ರಾಗಿ ಹುಲ್ಲು ಬೆರೆಸುತ್ತೇವೆ.

ಕಡ್ಡಿಗೆ 2 ರೂಪಾಯಿ ಕೊಡುವುದು ಅನ್ಯಾಯ. ಮೂರು ಅಡಿ ಸಾಲು, ಎರಡು ಅಡಿ ಅಂತರ ಅಂದರೆ ಎಕರೆಗೆ 7,260 ತುಂಡು ಬೇಕು. ಹದಿನಾಲ್ಕೂವರೆ ಸಾವಿರ ಆಯಿತು ಅಲ್ವಾ? ಪಕ್ಕದ ಊರಿನಲ್ಲಿ ಹುಲ್ಲು ಇದ್ದವರನ್ನು ಕೇಳಿ, ಬಲಿತ ದಂಟನ್ನು ಎರಡು ಕಣ್ಣಿಗೆ ಒಂದರಂತೆ ತುಂಡು ಮಾಡಿ, ಒಂದು ಕಣ್ಣು ಮಣ್ಣಿನೊಳಗೆ ಹೋಗುವ ಹಾಗೆ ಓರೆಯಾಗಿ ಚುಚ್ಚಿ. ಹತ್ತು ಗುಂಟೆಯಲ್ಲಿ ಬೆಳೆದರೆ ಮುಂದಿನ ವರ್ಷ ಊರಿಗೆಲ್ಲ ಕೊಡಬಹುದು.

ಕುಲುಮೆ · ಸೋಮವಾರ ಮಧ್ಯಾಹ್ನ

ನಾನು ಸಕ್ಕರೆ ಕಾರ್ಖಾನೆ ಪಕ್ಕದ ಬಯೋಗ್ಯಾಸ್ ಘಟಕದಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಮುಖ್ಯವಾಗಿ ಪ್ರೆಸ್ ಮಡ್, ಅಂದರೆ ಕಬ್ಬಿನ ರಸ ಸೋಸಿದ ಮೇಲೆ ಉಳಿಯುವ ಮಡ್ಡಿ ಹೋಗುತ್ತದೆ, ಹುಲ್ಲೂ ಹಾಕಿ ನೋಡಿದ್ದೇವೆ. ನನಗೆ ಈ ಹುಲ್ಲಿನ ಮೇಲೆ ನಂಬಿಕೆ ಇದೆ. ಹಾಗಾಗಿಯೇ ಲೆಕ್ಕ ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಒಂದು ಟನ್ ಹಸಿ ಹುಲ್ಲು ತಗೊಳ್ಳಿ. ಅದರಲ್ಲಿ ಸುಮಾರು 800 ಕೆಜಿ ನೀರೇ. ಒಣ ಅಂಶ 200 ಕೆಜಿ. ಬೂದಿ ಕಳೆದರೆ ಉಳಿಯುವ ಸಾವಯವ ಅಂಶ 180 ಕೆಜಿ, ಸೂಕ್ಷ್ಮಜೀವಿಗಳು ತಿನ್ನುವುದು ಅದರಲ್ಲೇ. ಒಳ್ಳೆ ಘಟಕದಲ್ಲಿ ಅದರಿಂದ 45 ಘನ ಮೀಟರ್ ಆಸುಪಾಸು ಮೀಥೇನ್, ಅಂದರೆ ಉರಿಯುವ ಗ್ಯಾಸ್ ಬರುತ್ತದೆ. ತೂಕ ಹಾಕಿದರೆ 30 ಕೆಜಿ ಗ್ಯಾಸ್. ಅಂದರೆ ಒಂದು ಟನ್ ಹುಲ್ಲಿಗೆ 30 ಕೆಜಿ.

ಈಗ ಬೆಲೆ. ಇಂಥ ಗ್ಯಾಸನ್ನು ತೈಲ ಕಂಪನಿಗಳು ಕೊಳ್ಳುವ ಕೇಂದ್ರದ ಸತತ್ ಯೋಜನೆ ಶುರುವಾಗಿದ್ದು 2018ರ ಅಕ್ಟೋಬರ್‌ನಲ್ಲಿ. ಆಗ ಕೆಜಿಗೆ 46 ರೂಪಾಯಿ ಅಂದಿದ್ದರು, ಆಮೇಲೆ ಏರಿದೆ. 60 ಅಂತಲೇ ಇಟ್ಟುಕೊಳ್ಳಿ. ಆದರೂ ಒಂದು ಟನ್ ಹುಲ್ಲಿನಿಂದ ಬರುವ ಗ್ಯಾಸಿನ ಬೆಲೆ 1,800 ರೂಪಾಯಿ. ಅದರಲ್ಲಿ ಹುಲ್ಲಿಗೆ, ಲಾರಿಗೆ, ಕತ್ತರಿಸುವುದಕ್ಕೆ, ಗ್ಯಾಸ್ ಶುದ್ಧ ಮಾಡಿ ಒತ್ತಿ ತುಂಬುವ ಕರೆಂಟಿಗೆ, ಸಂಬಳಕ್ಕೆ, ಬ್ಯಾಂಕಿನ ಕಂತಿಗೆ ಎಲ್ಲಕ್ಕೂ ಹಂಚಬೇಕು. ಹಾಗಾಗಿ ಹೊಲದ ಬಾಗಿಲಿಗೇ ಬಂದು 1000 ಕೊಟ್ಟು ಒಯ್ಯುತ್ತೇವೆ ಅನ್ನುವವರು ಇಪ್ಪತ್ತು ಕಿಲೋಮೀಟರ್ ಒಳಗೆ ಇರಬೇಕು. ಐವತ್ತು ಕಿಲೋಮೀಟರ್ ಆಚೆಯವರಾದರೆ ಆ ದರ ಬಹಳ ದಿನ ನಡೆಯುವುದಿಲ್ಲ, ಯಾಕೆಂದರೆ ಲಾರಿಯಲ್ಲಿ ಹೋಗುತ್ತಿರುವುದು ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರು.

ಇನ್ನೊಂದು. ದಿನಕ್ಕೆ 5 ಟನ್ ಗ್ಯಾಸಿನ ಘಟಕ ಬರೀ ಹುಲ್ಲಿನ ಮೇಲೆ ನಡೆಯಬೇಕಾದರೆ ದಿನಕ್ಕೆ ಸುಮಾರು 167 ಟನ್ ಹುಲ್ಲು ಬೇಕು, ಭಾನುವಾರವೂ ಬೇಕು, ಹಬ್ಬದ ದಿನವೂ ಬೇಕು. ಎಕರೆಗೆ ವರ್ಷಕ್ಕೆ 100 ಟನ್ ಅಂದರೆ ಸುಮಾರು 600 ಎಕರೆ, ಅದೂ ವರ್ಷಪೂರ್ತಿ ನೀರಿರುವ 600 ಎಕರೆ. ತುರುವೇಕೆರೆ ಬಯಲಿನಲ್ಲಿ ಅಷ್ಟು ನೀರಾವರಿ ಒಂದೇ ಕಡೆ ಸಿಗುತ್ತದಾ ಅಂತ ಅವರನ್ನು ಕೇಳಿ.

ಬಯಲುಸೀಮೆಯವ · ಸೋಮವಾರ ಸಂಜೆ

ಸರ್, ಬಹಳ ಥ್ಯಾಂಕ್ಸ್. ಒಂದು ಟನ್ನಿಗೆ ಇಷ್ಟೇ ಗ್ಯಾಸ್ ಅಂತ ಇವತ್ತಿನವರೆಗೂ ಯಾರೂ ಹೇಳಿರಲಿಲ್ಲ. ನೀವು 100 ಟನ್ ಅಂತ ಹಿಡಿದಿದ್ದೀರಿ, ಅವರು 200 ಅಂದರು. ಯಾವುದು ಸರಿ?

ಎರೆಹೊಲ · ಸೋಮವಾರ ರಾತ್ರಿ

ಗದಗ ಕಡೆಯಿಂದ ಬರೆಯುತ್ತಿದ್ದೇನೆ. ಧಾರವಾಡದಲ್ಲಿ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಕೇಂದ್ರ ಇದೆ, ಅವರ ನೇಪಿಯರ್ ತಳಿ ಡಿಎಚ್‌ಎನ್-6, ಸಂಪೂರ್ಣ ಅಂತ ಹೆಸರು, ನಮ್ಮ ಬಾವಿ ಪಕ್ಕ ಹತ್ತು ಗುಂಟೆ ಇದೆ. ಕೊಯಮತ್ತೂರಿನ ಸಿಒ-4 ಕೂಡ ಹಾಕಿ ನೋಡಿದ್ದೇವೆ. ಪುಸ್ತಕದಲ್ಲಿ ಎಕರೆಗೆ 150 ಟನ್ ಅಂತ ಇರುತ್ತದೆ. ಅದು ವಾರ ಹತ್ತು ದಿನಕ್ಕೊಮ್ಮೆ ತಪ್ಪದೆ ನೀರು, ಪ್ರತಿ ಕೊಯ್ಲಿಗೂ ಗೊಬ್ಬರ, ಹೇಳಿದ ದಿನಕ್ಕೇ ಕೊಯ್ಲು ಇದ್ದಾಗಿನ ಮಾತು. ನಮ್ಮಲ್ಲಿ ಎಕರೆ ಲೆಕ್ಕಕ್ಕೆ ಎಂಬತ್ತು ದಾಟಿಲ್ಲ. ಬರ ಬಿದ್ದ ವರ್ಷ ಅದರ ಅರ್ಧ.

ನೀರಿನದು ನೋಡಿ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ನೀರು ನಿಲ್ಲಿಸಿದರೆ ನಾಲ್ಕು ಸಾವಿರ ಲೀಟರ್. ಬೇಸಿಗೆಯಲ್ಲಿ ಈ ಹುಲ್ಲು ದಿನಕ್ಕೆ ನಾಲ್ಕು ಮಿಲಿಮೀಟರ್ ಕುಡಿಯುತ್ತದೆ ಅಂದರೂ 16 ಸಾವಿರ ಲೀಟರ್. ಒಂದು ಎಕರೆಗೆ, ದಿನಾ. ನಿಮ್ಮ ಒಂದೂವರೆ ಇಂಚು, ರಾತ್ರಿ ಬರುವ ತ್ರೀ ಫೇಸ್ ಕರೆಂಟು, ಆ ಕಡೆ ತೆಂಗು ಬೇರೆ. ತೆಂಗಿಗೆ ಕುಡಿಸುತ್ತೀರೋ ಹುಲ್ಲಿಗೋ?

ನನಗೆ ಇನ್ನೊಂದು ನೆನಪಾಗುತ್ತದೆ. 2003ರ ಸುಮಾರಿಗೆ ಬಯೋಡೀಸೆಲ್ ಅಂತ ಜತ್ರೋಫಾ ಬಂತು. ನಮ್ಮಲ್ಲಿ ಅದು ಹೊಸದೇನಲ್ಲ, ಕಾಡಹರಳು ಅಂತ ಬೇಲಿಗೆ ಹಾಕುತ್ತಿದ್ದ ಗಿಡ. ಬರಡು ಭೂಮಿಯಲ್ಲಿ ನೀರಿಲ್ಲದೆ ಬೆಳೆದು ಎಣ್ಣೆ ಕೊಡುತ್ತದೆ ಅಂದರು. ಗಿಡವೇನೋ ಬದುಕಿತು, ಕಾಯಿ ಬಿಡಲಿಲ್ಲ. ಕಾಯಿ ಬೇಕು ಅಂದರೆ ಅದಕ್ಕೂ ನೀರು ಗೊಬ್ಬರ ಬೇಕಿತ್ತು. ಬಿಟ್ಟ ಅಷ್ಟಿಷ್ಟು ಬೀಜವನ್ನು ಕೊಳ್ಳುವವರು ಎಲ್ಲಿದ್ದಾರೆ ಅಂತ ಯಾರಿಗೂ ಗೊತ್ತಿರಲಿಲ್ಲ. ನಮ್ಮಪ್ಪ ಎರಡು ಚೀಲ ಬೀಜ ಅಟ್ಟದ ಮೇಲೆ ಇಟ್ಟಿದ್ದರು, ಹುಳ ಹಿಡಿದ ಮೇಲೆ ತಿಪ್ಪೆಗೆ ಹಾಕಿದೆವು.

ದೂರದ ಮಳೆ · ಮಂಗಳವಾರ ಬೆಳಗ್ಗೆ

ನಾನು ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿದ್ದೇನೆ, ಊರು ಅರಸೀಕೆರೆ. ಇಲ್ಲಿ ಮಿಸ್ಕ್ಯಾಂಥಸ್ ಅಂತ ಒಂದು ಹುಲ್ಲು ಬೆಳೆಯುತ್ತಾರೆ. ನೋಡಲು ನಮ್ಮ ಕಬ್ಬಿನ ತಮ್ಮನ ಹಾಗೆ. ನನ್ನ ಕೆಲಸದ ದಾರಿಯಲ್ಲೇ ಒಂದು ಹೊಲ ಇದೆ, ಅದನ್ನು ನಾಲ್ಕು ವರ್ಷದಿಂದ ನೋಡುತ್ತಿದ್ದೇನೆ.

ಇವರು ಅದನ್ನು ಹಸಿಯಾಗಿ ಕೊಯ್ಯುವುದೇ ಇಲ್ಲ. ಚಳಿಗಾಲ ಬಂದಾಗ ಎಲೆ ಉದುರುತ್ತದೆ, ದಂಟು ನಿಂತಲ್ಲೇ ಒಣಗುತ್ತದೆ. ದಂಟಿನಲ್ಲಿದ್ದ ಸಾರದಲ್ಲಿ ಒಳ್ಳೆ ಪಾಲು ಕೆಳಗಿನ ಗೆಡ್ಡೆಗೆ ಇಳಿದು ಹೋಗುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಒಣ ಕಡ್ಡಿಯನ್ನಷ್ಟೇ ಕೊಯ್ದು ಉರುಳೆ ಕಟ್ಟಿ ಒಯ್ಯುತ್ತಾರೆ. ಬ್ರಿಗ್ ಅನ್ನುವ ಊರಿನಲ್ಲಿ 40 ಮೆಗಾವ್ಯಾಟ್‌ನ ವಿದ್ಯುತ್ ಸ್ಥಾವರ ಇದೆ, ಗೋಧಿ ಹುಲ್ಲು ಸುಡುವಂಥದ್ದು, ಅಲ್ಲಿಗೆ ಇದೂ ಹೋಗುತ್ತದೆ. ಸಾರ ಬೇರಿಗೆ ಮರಳುವುದರಿಂದ ಗೊಬ್ಬರ ಬಹಳ ಕಮ್ಮಿ ಸಾಕು. ಹದಿನೈದು ಇಪ್ಪತ್ತು ವರ್ಷ ಅದೇ ಬುಡ.

ಆದರೂ ಇಲ್ಲಿಯ ರೈತರು ಮುಗಿಬಿದ್ದು ಬೆಳೆಯುತ್ತಿಲ್ಲ. ನೆಟ್ಟ ಮೇಲೆ ಪೂರ್ತಿ ಇಳುವರಿಗೆ ಎರಡು ಮೂರು ವರ್ಷ ಕಾಯಬೇಕು. ನಾಟಿ ಖರ್ಚಿನಲ್ಲಿ ಅರ್ಧ ಸರ್ಕಾರ ಕೊಡುತ್ತಿತ್ತು, ಆ ಯೋಜನೆ 2013ರಲ್ಲಿ ನಿಂತಿತು. ಇಲ್ಲಿಯ ರೈತರೂ ಮೊದಲು ಕೇಳುವ ಮಾತು ಒಂದೇ, ಕೊಳ್ಳುವವನು ಎಷ್ಟು ದೂರದಲ್ಲಿದ್ದಾನೆ, ಎಷ್ಟು ವರ್ಷಕ್ಕೆ ಬರೆದುಕೊಡುತ್ತಾನೆ.

ಕುಲುಮೆ · ಮಂಗಳವಾರ ಮಧ್ಯಾಹ್ನ

ದೂರದ ಮಳೆ ಅವರು ಹೇಳಿದ ಸಾರದ ವಿಷಯ ಬಹಳ ಮುಖ್ಯ. ನಾನು ನಿನ್ನೆ ಬರೆಯಬೇಕಿತ್ತು.

ನೇಪಿಯರ್ ನಮ್ಮಲ್ಲಿ ಹಸಿಯಾಗಿಯೇ ಹೊಲ ಬಿಟ್ಟು ಹೋಗುತ್ತದೆ. ಸಾರ ಬೇರಿಗೆ ಇಳಿಯಲು ನಾವು ಸಮಯವೇ ಕೊಡುವುದಿಲ್ಲ. ಒಂದು ಟನ್ ಹುಲ್ಲಿನ ಜೊತೆ ಹತ್ತಿರ ಹತ್ತಿರ 3 ಕೆಜಿ ಸಾರಜನಕ ಹೋಗುತ್ತದೆ. 100 ಟನ್ನಿಗೆ 290 ಕೆಜಿ. ಯೂರಿಯಾ ಲೆಕ್ಕದಲ್ಲಿ 45 ಕೆಜಿಯ ಹದಿನಾಲ್ಕು ಚೀಲ, ಒಂದು ಎಕರೆಗೆ ಒಂದು ವರ್ಷಕ್ಕೆ. ಪೊಟ್ಯಾಷ್ ಬೇರೆ. ಎರಡು ವರ್ಷ ಸೊಗಸಾಗಿ ಬರುತ್ತದೆ, ಮೂರನೇ ವರ್ಷ ಬುಡ ಹಳದಿಯಾಗಿ ಕೂರುತ್ತದೆ. ಆಗ ತಳಿ ಸರಿ ಇಲ್ಲ ಅಂತಾರೆ. ತಳಿ ಸರಿಯಾಗೇ ಇದೆ, ಮಣ್ಣು ಖಾಲಿಯಾಗಿದೆ.

ಒಳ್ಳೆ ಸುದ್ದಿ ಏನೆಂದರೆ ಗ್ಯಾಸಿನಲ್ಲಿ ಹೋಗುವುದು ಇಂಗಾಲ, ಜಲಜನಕ ಅಷ್ಟೇ. ಸಾರಜನಕ, ಪೊಟ್ಯಾಷ್, ರಂಜಕ ಎಲ್ಲಾ ಬಗ್ಗಡದಲ್ಲೇ, ಅಂದರೆ ಗ್ಯಾಸ್ ತೆಗೆದ ಮೇಲೆ ಮಿಕ್ಕುವ ರಾಡಿಯಲ್ಲೇ ಉಳಿಯುತ್ತದೆ. ಅದು ನಿಮ್ಮ ಹೊಲಕ್ಕೆ ವಾಪಸ್ ಬಂದರೆ ಈ ಬೆಳೆ ನಿಜವಾಗಿ ಹತ್ತು ವರ್ಷ ನಡೆಯುತ್ತದೆ. ಬರದಿದ್ದರೆ ನೀವು ಮಾರುತ್ತಿರುವುದು ಹುಲ್ಲಲ್ಲ, ಮಣ್ಣು. ಘಟಕಗಳು ಈ ಗೊಬ್ಬರವನ್ನು ಚೀಲದಲ್ಲಿ ಮಾರುತ್ತವೆ, ಅದಕ್ಕೆ ಟನ್ನಿಗೆ 1,500 ರೂಪಾಯಿ ಸಹಾಯಧನವನ್ನು ಕೇಂದ್ರ 2023ರಲ್ಲಿ ಘೋಷಿಸಿತ್ತು. ಹಾಗಾಗಿ ಹುಲ್ಲು ಕೊಟ್ಟ ರೈತನಿಗೆ ಗೊಬ್ಬರ ವಾಪಸ್ ಅಂತ ಕರಾರಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಬೇಡ.

ಕುಣಿಗಲ್ ದಾರಿ · ಮಂಗಳವಾರ ರಾತ್ರಿ

ಬಗ್ಗಡ ವಾಪಸ್ ಅಂದ ಕೂಡಲೇ ನಮ್ಮ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮ ನೆನಪಾಯಿತು. ವಯಸ್ಸಾದವನು, ಸ್ವಲ್ಪ ಹಳೇ ಕಥೆ ಹೇಳುತ್ತೇನೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಅಂತ ಒಂದು ಕೇಂದ್ರ ಶುರುವಾಯಿತು, ಅಮೂಲ್ಯ ರೆಡ್ಡಿಯವರು ಕಟ್ಟಿದ್ದು. ಹಳ್ಳಿಗೆ ಬೇಕಾದ ವಿಜ್ಞಾನವೇ ಅವರ ಗುರಿ. ಪುರದಲ್ಲಿ ಊರಿಗೇ ಸೇರಿದ ಗೋಬರ್ ಗ್ಯಾಸ್ ಘಟಕ ಕಟ್ಟಿದರು. 1987ರಿಂದ ಅದರ ಗ್ಯಾಸಿನಲ್ಲಿ ಎಂಜಿನ್ ಓಡಿಸಿ ಮನೆಗಳಿಗೆ ದೀಪ, ಕೊಳವೆ ಬಾವಿಯಿಂದ ಕುಡಿಯುವ ನೀರು. ಸಗಣಿ ತಂದವರಿಗೆ ತೂಕಕ್ಕೆ ತಕ್ಕಂತೆ ಅಷ್ಟಿಷ್ಟು ಕಾಸು, ಜೊತೆಗೆ ಬಗ್ಗಡ ವಾಪಸ್. ಈ ಬಗ್ಗಡ ಸಿಗುತ್ತದೆ ಅಂತಲೇ ಜನ ಸಗಣಿ ಕೊಟ್ಟರು. ತಿಪ್ಪೆಗೆ ಹೋಗಬೇಕಾದ ಗೊಬ್ಬರ ಕಳೆದುಕೊಳ್ಳಲು ಯಾವ ರೈತ ತಾನೇ ಒಪ್ಪುತ್ತಾನೆ?

ಹತ್ತಿರದ ಹೊಸಹಳ್ಳಿಯಲ್ಲಿ 1988ರಲ್ಲಿ ಸೌದೆಯಿಂದ ಗ್ಯಾಸ್ ಮಾಡುವ ಯಂತ್ರ ಬಂತು. ಅದಕ್ಕೆ ಸೌದೆ ಊರಿನ ಪಕ್ಕದಲ್ಲೇ ಬೆಳೆಸಿದರು. ಬೆಳೆದದ್ದು ಅಲ್ಲೇ, ಉರಿದದ್ದು ಅಲ್ಲೇ, ದೀಪ ಹತ್ತಿದ್ದೂ ಅಲ್ಲೇ. ನಮ್ಮ ಜಿಲ್ಲೆಗೆ ಈ ವಿಷಯ ಹೊಸದಲ್ಲ ಅಂತ ಹೇಳಲು ಬರೆದೆ.

ಸಣ್ಣಕೆರೆ · ಬುಧವಾರ ಬೆಳಗ್ಗೆ

ಒಂದು ಪ್ರಶ್ನೆ. ಶಕ್ತಿಯೇ ಬೇಕು ಅಂದರೆ ಅದೇ ಎಕರೆಯಲ್ಲಿ ಸೋಲಾರ್ ಹಾಕುವುದು ಲೇಸಲ್ವಾ? ನೀರೂ ಬೇಡ, ಆಳೂ ಬೇಡ.

ಕುಲುಮೆ · ಬುಧವಾರ ಬೆಳಗ್ಗೆ

ಬರೀ ಯೂನಿಟ್ ಲೆಕ್ಕಕ್ಕೆ ಸೋಲಾರ್ ಮುಂದೆ ಹುಲ್ಲು ನಿಲ್ಲುವುದಿಲ್ಲ. ಒಂದು ಎಕರೆ ಸೋಲಾರ್‌ನಿಂದ ವರ್ಷಕ್ಕೆ ಸುಮಾರು ಮೂರು ಲಕ್ಷ ಯೂನಿಟ್. 100 ಟನ್ ಹುಲ್ಲಿನ ಗ್ಯಾಸನ್ನು ಎಂಜಿನ್‌ಗೆ ಹಾಕಿ ಕರೆಂಟ್ ಮಾಡಿದರೆ ಹದಿನೈದು ಸಾವಿರ ಯೂನಿಟ್ ಬಂದರೆ ಹೆಚ್ಚು. ಇಪ್ಪತ್ತು ಪಟ್ಟು ವ್ಯತ್ಯಾಸ. ಆದ್ದರಿಂದ ಹುಲ್ಲಿನಿಂದ ಕರೆಂಟ್ ಮಾಡುವುದು ದಡ್ಡತನ. ಗ್ಯಾಸನ್ನು ಸಿಲಿಂಡರ್‌ಗೆ ತುಂಬಿ ಇಡಬಹುದು, ಲಾರಿ ಓಡಿಸಬಹುದು, ಅನ್ನ ಬೇಯಿಸಬಹುದು. ಅದಕ್ಕಷ್ಟೇ ಇದು. ನಗರಗಳ ಗ್ಯಾಸ್ ಕಂಪನಿಗಳು 2025-26ರಲ್ಲಿ ಶೇ 1, 2028-29ಕ್ಕೆ ಶೇ 5 ಇಂಥ ಗ್ಯಾಸ್ ಬೆರೆಸಲೇಬೇಕು ಅಂತ ಆಗಿದೆ, ಬೇಡಿಕೆ ಬಂದೇ ಬರುತ್ತದೆ. ಆದರೆ ಸತತ್‌ನಲ್ಲಿ 2023ಕ್ಕೆ 5,000 ಘಟಕ ಅಂದಿದ್ದರು, ಅದರ ಹತ್ತಿರಕ್ಕೂ ಹೋಗಲಿಲ್ಲ. ಬೇಡಿಕೆ ದೆಹಲಿಯಲ್ಲಿ ಹುಟ್ಟಿದ ತಕ್ಷಣ ನಿಮ್ಮ ಹೊಲದ ಮುಂದೆ ಲಾರಿ ಬಂದು ನಿಲ್ಲುವುದಿಲ್ಲ.

ತೋಟದ ಬದು · ಬುಧವಾರ ಮಧ್ಯಾಹ್ನ

ಕೊಯ್ಲಿನ ಮಾತು ಯಾರೂ ಎತ್ತಲಿಲ್ಲ. ಈ ಹುಲ್ಲಿನ ಎಲೆ ಅಂಚು ಗರಗಸ. ತುಂಬು ತೋಳಿನ ಅಂಗಿ ಹಾಕಿದರೂ ಕತ್ತು, ಮುಂಗೈ ಗೀರುತ್ತದೆ, ಸುಂಕು ಮೈಗೆ ಹತ್ತಿ ರಾತ್ರಿಯೆಲ್ಲ ನವೆ. ನಮ್ಮ ಕಡೆ ಒಬ್ಬ ಆಳು ದಿನಕ್ಕೆ ಒಂದು ಟನ್ ಕೊಯ್ದು ಕಟ್ಟು ಕಟ್ಟಿದರೆ ದೊಡ್ಡದು, ಕೂಲಿ 600. ಟನ್ನಿಗೆ 1000 ಬಂದರೆ ನನ್ನ ಕೈಗೆ 400. ಅದರಲ್ಲಿ ಗೊಬ್ಬರ, ನೀರು. ರಾಗಿಗೆ ವರ್ಷಕ್ಕೆ ಒಂದು ಕೊಯ್ಲಿಗೆ ಆಳು ಸಿಗಲಿಲ್ಲ ಅಂತ ನಿಮ್ಮಪ್ಪನಿಗೆ ಬೇಸರ ಅಲ್ವಾ, ಇದಕ್ಕೆ ವರ್ಷಕ್ಕೆ ಐದಾರು ಕೊಯ್ಲು.

ಹೈನುಮನೆ · ಬುಧವಾರ ರಾತ್ರಿ

ತಮ್ಮ, ನಿನಗೆ ಎರಡು ಹಸು ಇದೆ ಅಂದೆಯಲ್ಲ, ಅಲ್ಲಿಂದಲೇ ಶುರು ಮಾಡು.

ನಮ್ಮಲ್ಲಿ ಎರಡು ಘನ ಮೀಟರ್‌ನ ದೀನಬಂಧು ಮಾದರಿಯ ಗೋಬರ್ ಗ್ಯಾಸ್ ಗುಂಡಿ ಇದೆ. ದಿನಕ್ಕೆ 50 ಕೆಜಿ ಸಗಣಿ, ಅಷ್ಟೇ ನೀರು. ಬೆಳಗ್ಗೆ ನಾನೇ ಕಲಸಿ ಬಿಡುತ್ತೇನೆ, ಗಂಟು ಇರಬಾರದು, ಕೈಯಲ್ಲೇ ಹಿಸುಕಿ ನಾರು ತೆಗೆಯುತ್ತೇನೆ. ಬಿಟ್ಟ ಸ್ವಲ್ಪ ಹೊತ್ತಿಗೆ ಆ ಕಡೆ ಬಾಯಿಯಿಂದ ಬಗ್ಗಡ ಗುಳುಗುಳು ಅಂತ ಏಳುತ್ತದೆ. ಅದು ಕಾಲುವೆಯಲ್ಲಿ ನೇರ ಹುಲ್ಲಿನ ಸಾಲಿಗೆ ಹೋಗುತ್ತದೆ. ಐದು ವರ್ಷದಲ್ಲಿ ಒಂದು ಚೀಲ ಯೂರಿಯಾ ಹಾಕಿಲ್ಲ, ಹುಲ್ಲಿನ ಬಣ್ಣ ಕಪ್ಪು ಹಸಿರು. ಹುಲ್ಲು ಹಸುವಿನ ಹೊಟ್ಟೆಗೆ, ಹಸುವಿನಿಂದ ಹಾಲು ಡೇರಿಗೆ, ಸಗಣಿ ಗುಂಡಿಗೆ, ಗ್ಯಾಸ್ ಒಲೆಗೆ, ಬಗ್ಗಡ ಮತ್ತೆ ಹುಲ್ಲಿಗೆ. ಸಿಲಿಂಡರ್ ತಗೊಳ್ಳುವುದು ಮನೆಗೆ ನೆಂಟರು ಬಂದಾಗ ಮಾತ್ರ.

ಒಂದು ಸಲ ಆಸೆ ಬಿದ್ದು ಕತ್ತರಿಸಿದ ಹುಲ್ಲನ್ನೇ ನೇರ ಗುಂಡಿಗೆ ಹಾಕಿದೆವು. ಅದು ತೇಲಿ ಮೇಲೆ ಚಾಪೆ ಥರ ಗಟ್ಟಿ ಕಟ್ಟಿಕೊಂಡಿತು. ಗ್ಯಾಸ್ ಮೇಲೆ ಬರಲೇ ಇಲ್ಲ. ನಮ್ಮ ಯಜಮಾನರು ಬಿದಿರಿನ ಗಳು ಹಾಕಿ ಎರಡು ದಿನ ಕಲಕಿದರು. ಆಮೇಲೆ ಆ ಕೆಲಸ ಹಸುವಿಗೇ ಬಿಟ್ಟೆವು.

ಬಯಲುಸೀಮೆಯವ · ಮುಂದಿನ ಶನಿವಾರ

ಎಲ್ಲರಿಗೂ ಕೈ ಮುಗಿಯುತ್ತೇನೆ. ನೀವು ಬರೆದದ್ದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಪುರದ ಕಥೆಗೆ, ಆ ಊರಿಗೆ ಹೆಣ್ಣು ನೋಡಲು ಹೋಗಿದ್ದೆ ಕಣೋ, ಬೀದಿಯಲ್ಲಿ ದೀಪ ನೋಡಿದ್ದೆ ಅಂದರು.

ಆ ಏಜೆಂಟ್‌ಗೆ ಫೋನ್ ಮಾಡಿ ಮೂರು ಕೇಳಿದೆ. ಘಟಕದ ಜಾಗ ಎಲ್ಲಿ, ನಾವೇ ಹೋಗಿ ನೋಡಬಹುದಾ? ಕೊಯ್ಲು, ಲಾರಿ ಯಾರ ಖರ್ಚು? ಗೊಬ್ಬರ ವಾಪಸ್ ಕೊಡುತ್ತೀರಾ? ಜಾಗ ಇನ್ನೂ ಗೊತ್ತುಪಡಿಸಿಲ್ಲ ಅಂದರು. ಕೊಯ್ಲು ರೈತರದ್ದು. ಗೊಬ್ಬರ ಬೇಕಾದರೆ ರಿಯಾಯಿತಿ ದರದಲ್ಲಿ ಕೊಳ್ಳಬಹುದಂತೆ. ಕರಾರು ಪತ್ರದ ನಕಲು ವಾಟ್ಸಾಪ್‌ಗೆ ಹಾಕಿಸಿಕೊಂಡೆ. ನಾಲ್ಕನೇ ಪುಟದಲ್ಲಿ, ಕಂಪನಿಯ ಅಗತ್ಯಕ್ಕೆ ತಕ್ಕಷ್ಟು ಹುಲ್ಲು ಮಾತ್ರ ಖರೀದಿಸಲಾಗುವುದು ಅಂತ ಒಂದು ಸಾಲು ಇದೆ. ಅಪ್ಪ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿದರು. ಆಮೇಲೆ ಎದ್ದು ಹಟ್ಟಿ ಕಡೆ ಹೋದರು.

ಬೋರಿನ ಪಕ್ಕ ತೆಂಗಿನ ಸಾಲಿನ ಆಚೆ ಹತ್ತು ಗುಂಟೆ ಬಿಡಿಸಿದ್ದೇವೆ. ಉಳಿದದ್ದು ರಾಗಿಗೇ. ಹೈನುಮನೆ ಅಕ್ಕ, ನೀವು ಹೇಳಿದ ಹಾಗೆ ಪಕ್ಕದ ಊರಿನಲ್ಲಿ ಕೇಳಿದೆ, ಕಡ್ಡಿಗೆ ದುಡ್ಡು ಬೇಡ ಅಂದರು, ಕೊಯ್ದುಕೊಂಡು ಹೋಗಿ ಅಂದರು. ನಾಳೆ ಟಿಲ್ಲರ್ ತಗೊಂಡು ಹೋಗುತ್ತಿದ್ದೇನೆ. ಕಡ್ಡಿಯನ್ನು ಕೊಯ್ದ ದಿನವೇ ನೆಡಬೇಕಾ, ಅಥವಾ ಎರಡು ದಿನ ನೆರಳಿನಲ್ಲಿ ಇಟ್ಟರೂ ನಡೆಯುತ್ತದಾ?

ಹೈನುಮನೆ · ಮುಂದಿನ ಶನಿವಾರ

ಆದಷ್ಟು ಅವತ್ತೇ ನೆಡು. ಆಗದಿದ್ದರೆ ಒದ್ದೆ ಗೋಣಿಚೀಲ ಹೊದಿಸಿ ನೆರಳಿನಲ್ಲಿಡು, ಎರಡು ದಿನಕ್ಕೆ ಏನೂ ಆಗಲ್ಲ. ಕಣ್ಣು ಮೇಲ್ಮುಖ ಇರಲಿ.